ಕೈಯಿಂದ ಕೈಗೆ ಸುಣ್ಣ

ಅಂಕೋಲೆ ಪೇಟೆಯಲ್ಲಿ ಹರಿವೆ ಸೊಪ್ಪು ಮಾರುವ ಗಂಗಿಯ ಬಾಯಿ ಎಂದರೆ ಪೇಟೆಗೆ ಪೇಟೆಯೇ ಕೈ ಮುಗಿಯುತ್ತದೆ. ಚೌಕಾಶಿಗೆ ಬಂದ ಗಿರಾಕಿ ಎರಡನೇ ಮಾತಿಗೆ ಸೊಪ್ಪು ಎತ್ತಿಕೊಂಡು ನಡೆಯಬೇಕು. ಆದರೆ ಆ ಬಾಯಿಗೆ ಎಲೆಯಡಿಕೆಯ ಕವಳ ಕಟ್ಟಿ ಕೊಡುವವಳು ಒಬ್ಬಳೇ, ಪಕ್ಕದಲ್ಲಿ ಬದನೆ, ಬೆಂಡೆ ಮಾರುವ ತಿಮ್ಮಿ. ಇಬ್ಬರೂ ಮದುವೆಯಾಗಿ ಬಂದ ಹೊಸದರಿಂದ ಹೀಗೇ. ಅಡಿಕೆ ಗಂಗಿಯದು, ಎಲೆ, ಸುಣ್ಣ, ಹೊಗೆಸೊಪ್ಪು ತಿಮ್ಮಿಯದು. ಗಂಗಿ ತನ್ನದೆಂದು ಒಂದು ಕವಳದ ಸಂಚಿ ಹೊಲಿಸಿದವಳೇ ಅಲ್ಲ. ಯಾಕೆ ಬೇಕು, ತಿಮ್ಮಿ ಇದ್ದಳಲ್ಲ! ದಿನಾ ಜಗಳ ಆಡುತ್ತಿದ್ದರು. ಜಗಳ ಮುಗಿಯುತ್ತಲೂ ತಿಮ್ಮಿ ಎಲೆಗೆ ಸುಣ್ಣ ಸವರಿ, ಮಡಚಿ, ಗಂಗಿಯ ಮುಂದೆ ಇಡುತ್ತಿದ್ದಳು.

ಹಾಗಿದ್ದಲ್ಲಿಗೆ ಬಂದಳು ಯಶೋದಾ. ಕಾರವಾರದ ಶಿರವಾಡದವಳು, ಹೂವಿನ ವ್ಯಾಪಾರ, ಇಬ್ಬರಿಗಿಂತಲೂ ಚಿಕ್ಕವಳು. ದೀಪಾವಳಿ ಹೊತ್ತಿಗೆ ಅಬ್ಬಲಿಗೆಯ ಬುಟ್ಟಿ ತಂದು ತಿಮ್ಮಿಯ ಆಚೆ ಬದಿಗೆ ಕೂತವಳು ಮತ್ತೆ ಜಾಗ ಬಿಡಲಿಲ್ಲ. ಬಾಯಿ ತೆರೆದರೆ 'ತಿಮ್ಮಕ್ಕ, ತಿಮ್ಮಕ್ಕ'. ತಿಮ್ಮಿಯ ತುರುಬಿಗೆ ದಿನಾ ಪುಕ್ಕಟೆ ಹೂವು. ಗಂಗಿಗೂ ಕೊಡುತ್ತಿದ್ದಳೆನ್ನಿ. ಗಂಗಿ ಅದನ್ನು ಸೊಪ್ಪಿನ ಕಟ್ಟಿನ ಪಕ್ಕ ಬಿಸಿಲಿಗೆ ಇಟ್ಟು, ಬಾಡುವುದನ್ನು ನೋಡುತ್ತ ಕೂರುತ್ತಿದ್ದಳು.

ಬೇಸಿಗೆಯಲ್ಲಿ ಪೇಟೆಯ ಹೆಂಗಸರೆಲ್ಲ ಒಂದು ದಿನ ಬುಟ್ಟಿ ಕವುಚಿಟ್ಟು, ಟೆಂಪೊ ಮಾಡಿಕೊಂಡು ತಿರುಗಾಟಕ್ಕೆ ಹೋಗುವುದುಂಟು. ಒಂದು ವರ್ಷ ಮಿರ್ಜಾನ ಕೋಟೆ, ಇನ್ನೊಂದು ವರ್ಷ ಕುಮಟೆಯಲ್ಲಿ ಕಬಡ್ಡಿ ಪಂದ್ಯ. ಎಲ್ಲಿಗಾದರೂ ಗಂಗಿ, ತಿಮ್ಮಿ ಒಂದೇ ಸೀಟು. ಗಾಡಿ ಹತ್ತಿದರೆ ಗಂಗಿಗೆ ವಾಂತಿ. ತಿಮ್ಮಿ ಅವಳ ಮೂಗಿಗೆ ಲಿಂಬೆಹಣ್ಣು ಹಿಡಿಯಬೇಕು. ಈ ಸಲ ಗೋವೆಯಲ್ಲಿ ಯಾರೋ ಹಳೇ ಜಮೀನ್ದಾರರ ಬಂಗಲೆ, ತೋಟ ನೋಡುವುದೆಂದಾಯಿತು. ಸೂಚಿಸಿದವಳು ಯಶೋದಾ. ಗಂಗಿ ಆಗಲೇ ಮೂಗು ಮುರಿದಿದ್ದಳು.

ಶಿರವಾಡದಲ್ಲಿ ಯಶೋದಾ ಟೆಂಪೊ ಹತ್ತಿದಳು. ಖಾಲಿ ಇದ್ದದ್ದು ಹಿಂದಿನ ಜೋಡಿ ಸೀಟು ಮಾತ್ರ. ಪಾಪ, ಒಬ್ಬಳೇ ಆಗುತ್ತಾಳೆ ಎನ್ನುತ್ತ ತಿಮ್ಮಿ ಲಿಂಬೆಹಣ್ಣನ್ನು ಗಂಗಿಯ ಮಡಿಲಿಗೆ ಹಾಕಿ ಎದ್ದು ಹೋದಳು. ಅವಳು ಒಬ್ಬಳಾದರೆ ಪಾಪ, ತಾನು ಒಬ್ಬಳಾದರೆ? ಕಾಳಿ ಸೇತುವೆ ದಾಟಿ ಸದಾಶಿವಗಡ ಕಳೆದರೂ ಹಿಂದಿನಿಂದ ಅವರಿಬ್ಬರ ಕಿಸಿಕಿಸಿ ನಗು ನಿಲ್ಲಲಿಲ್ಲ. ಗಂಗಿಗೆ ಮೈಯೆಲ್ಲ ಉರಿ. ಅಂದು ವಾಂತಿಯೂ ಬರಲಿಲ್ಲ. ಬಂದಿದ್ದರೆ ತಿಮ್ಮಿಯಾದರೂ ಓಡಿ ಬರುತ್ತಿದ್ದಳು ಎಂದು ಅದಕ್ಕೂ ಸಿಟ್ಟು.

ಬಂಗಲೆ ಎಂದರೆ ಬಂಗಲೆಯೇ. ಚಿಪ್ಪು ಕೂರಿಸಿದ ಕಿಟಕಿಗಳು, ಒಂದು ಕೇರಿಗೆ ಊಟ ಹಾಕಬಹುದಾದಷ್ಟು ಉದ್ದದ ಮೇಜು, ಮೇಲಿಂದ ತೂಗುಬಿಟ್ಟ ಗಾಜಿನ ದೀಪದ ಗೊಂಚಲು. ಉಳಿದವರು ಬಾಯಿ ಬಿಟ್ಟುಕೊಂಡು ದೀಪ ನೋಡಿದರು. ಗಂಗಿ ತಿಮ್ಮಿಯ ಬೆನ್ನು ನೋಡಿದಳು. ತೋಟಕ್ಕೆ ಬಂದಾಗ, ಇಷ್ಟು ಜಾಗ ಇಟ್ಟುಕೊಂಡು ಒಂದು ಸಾಲು ಹರಿವೆ ಹಾಕಿಲ್ಲ, ಬರೀ ಬಣ್ಣದ ಎಲೆ ಬೆಳೆಸಿದ್ದಾರೆ ಎಂದು ಬೇಕೆಂದೇ ಜೋರಾಗಿ ಹೇಳಿದಳು. ಹೆಂಗಸರೆಲ್ಲ ನಕ್ಕರು. ಯಾರು ನಗಲಿ ಎಂದು ಹೇಳಿದ್ದಳೋ ಅವಳಿಗೆ ಕೇಳಿಸಲೇ ಇಲ್ಲ.

ಬುತ್ತಿ ಉಂಡ ಮೇಲೆ ತಿಮ್ಮಿ ಮಾವಿನ ಮರದಡಿ ಸಂಚಿ ಬಿಚ್ಚಿದಳು. ಪಕ್ಕದಲ್ಲಿ ಯಶೋದಾ. ಮಾತಿನ ಭರ; ಯಶೋದೆಯ ಎಲೆಗೆ ಸುಣ್ಣ ಸಾಲಲಿಲ್ಲ; ತಿಮ್ಮಿ ತನ್ನ ಬೆರಳ ತುದಿಯ ಸುಣ್ಣವನ್ನು ಸೀದಾ ಅವಳ ಬೆರಳಿಗೆ ಒರೆಸಿಬಿಟ್ಟಳು. ಹಿಂದೆ ಕೂತಿದ್ದ ಗಂಗಿ ಕಂಡಳು. ಸುಣ್ಣವನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ ಎಂಬುದು ಆ ಕಡೆಯ ಕೂಸಿಗೂ ಗೊತ್ತು. ಎಲೆಯ ಮೇಲೋ ನೆಲದ ಮೇಲೋ ಇಟ್ಟು ಕೊಡಬೇಕು. ಯಾರಾದರೂ ಮರೆತರೆ, ಕಂಡವರು ಕೂಗಿ ತಪ್ಪಿಸುತ್ತಾರೆ, ಆಗದವರಾದರೂ ಕೂಗುತ್ತಾರೆ. ಗಂಗಿ ಕೂಗಲಿಲ್ಲ. ಹತ್ತಲಿ, ಎಂದುಕೊಂಡಳು. ಚೆನ್ನಾಗಿ ಹತ್ತಲಿ.

ತಿಮ್ಮಿ ಅವಳಿಗೂ ಒಂದು ಕವಳ ಕಟ್ಟಿ ತಂದಳು. ಗಂಗಿ ಬೇಡವೆಂದಳು. ಕವಳವಿಲ್ಲದೆ ತಲೆ ಸಿಡಿಯುತ್ತಿದ್ದರೂ ಮಧ್ಯಾಹ್ನವಿಡೀ ಅವರಿಬ್ಬರ ಬೆನ್ನಿಗೇ ಬಿದ್ದಳು. ಒಮ್ಮೆ ಯಶೋದಾ ತಿಮ್ಮಿಯ ಸೀರೆಯ ಅಂಚು ತುಳಿದಳು, ಅದು ಜರ್‍ರೆಂದು ಹರಿಯಿತು. ಬಂತು, ಎಂದು ಗಂಗಿ ಕಿವಿ ನೆಟ್ಟಗೆ ಮಾಡಿದಳು. ತಿಮ್ಮಿ ಹರಿದದ್ದನ್ನು ಸೊಂಟಕ್ಕೆ ಸಿಕ್ಕಿಸಿ ನಕ್ಕಳು. ಅದೇ ಕೆಲಸ ಗಂಗಿ ಮಾಡಿದ್ದರೆ ತಿಮ್ಮಿ ಅವಳ ಏಳು ತಲೆಮಾರು ಜಾಲಾಡುತ್ತಿದ್ದಳು.

ತಿರುಗಿ ಬರುವಾಗ ಯಶೋದಾ ಇಬ್ಬರಿಗೂ ಹೇಳಿ ಶಿರವಾಡದಲ್ಲಿ ಇಳಿದಳು. ಟೆಂಪೊ ಹೊರಟಿತೋ ಇಲ್ಲವೋ, ತಿಮ್ಮಿ ಮುಂದೆ ಬಂದು ಗಂಗಿಯ ಪಕ್ಕ ದೊಪ್ಪೆಂದು ಕೂತು, ಅಡಿಕೆ ತೆಗೆ ಎಂದು ಸಂಚಿ ಬಿಚ್ಚಿದಳು. ಗಂಗಿ ಸುಮ್ಮನೆ ಅಡಿಕೆ ಕೊಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರುವುದು ಅವಳ ಹಣೆಯಲ್ಲಿ ಬರೆದಿಲ್ಲವಲ್ಲ.

"ನಿಮ್ಗೆ ಇನ್ನೂ ಜಗಳ ಆಗ್ಲಿಲ್ವೇನೆ?"

"ಯಂತಾ ಜಗಳ?"

"ಸುಣ್ಣ ಕೈಯಿಂದ ಕೈಗೆ ಕೊಟ್ಟೆಯಲ್ಲೆ. ನಾ ಕಂಡೆ."

ಸುಣ್ಣದ ಡಬ್ಬಿಯೊಳಗಿದ್ದ ತಿಮ್ಮಿಯ ಬೆರಳು ಅಲ್ಲೇ ನಿಂತಿತು. ಅವಳು ಗಂಗಿಯ ಮುಖವನ್ನೇ ನೋಡಿದಳು.

"ಕಂಡವಳು ಹೇಳ್ಲಿಲ್ಲ ಯಂತಕೆ?"

ಪೇಟೆಯನ್ನೇ ಗಡಗಡ ನಡುಗಿಸುವ ಬಾಯಿಯವಳು ಸೆರಗಿನ ಗಂಟಿನಲ್ಲಿ ಅಡಿಕೆ ಹುಡುಕತೊಡಗಿದಳು.

"ನಾವು ಜಗಳ ಆಡ್ಲಿ ಅಂದೇ ಕಾಯ್ತಾ ಕೂತಿದ್ಯಾ ಹಂಗಾರೆ," ಎಂದಳು ತಿಮ್ಮಿ. "ನೀ ಹಿಂದೆ ಇದ್ದೀಯಲಾ, ನಾ ತಪ್ಪಿದ್ರೆ ಹೇಳ್ತೀಯೆ ಅಂದ್ಕಂಡೇ ನಾ ಇರೂದು."

ಬೈದಿದ್ದರೆ ಗಂಗಿಯೂ ಬೈದು ಹಗುರಾಗುತ್ತಿದ್ದಳು. ತಿಮ್ಮಿ ಬೈಯಲಿಲ್ಲ. ಸಂಚಿ ಸುತ್ತಿಕೊಂಡು ಎದ್ದು ಹಿಂದಿನ ಸೀಟಿಗೆ ಹೋದಳು. ಅವರ್ಸೆ ದಾಟುವಾಗ ಗಂಗಿ ತಡೆಯಲಾರದೆ ಹೊರಳಿ ನೋಡಿದಳು. ತಿಮ್ಮಿ ಒಬ್ಬಳೇ ಕೂತು ಹೊರಗೆ ನೋಡುತ್ತಿದ್ದಳು, ಮಗ್ಗುಲಲ್ಲಿ ಯಶೋದಾ ಎದ್ದುಹೋದ ಜಾಗ ಖಾಲಿ ಬಿದ್ದಿತ್ತು. ಆ ಖಾಲಿ ಜಾಗವನ್ನು ಕಂಡು ಗಂಗಿಗೆ ಹೊಟ್ಟೆ ಉರಿಯಿತು.