ತಕ್ಕಡಿ ಸಾಹೇಬರ ಬಕೆಟ್ಟು

ಚಹಾ ಬಂದ ಕೂಡಲೇ ನದಿ ಇಲಾಖೆಯ ಈ ಅಧಿಕಾರಿ, ಈಗ ಕುಡಿದರೆ ನಾಲಿಗೆ ಸುಡುತ್ತದೆ, ಬಿಟ್ಟರೆ ಆರುತ್ತದೆ ಎಂದು ಯೋಚಿಸುತ್ತಾ ಕೂರುತ್ತಾರೆ. ಅಷ್ಟರಲ್ಲಿ ಅದು ಆರಿಹೋಗಿರುತ್ತದೆ. ಕಚೇರಿಯಲ್ಲಿ ಅವರಿಗೆ ತಕ್ಕಡಿ ಸಾಹೇಬರೆಂದೇ ಹೆಸರು. ಮೊಟ್ಟೆಯಿಡಲು ಮೀನುಗಳು ಮೇಲಕ್ಕೆ ಹೋಗುವಂತೆ ಹಳೆಯ ಅಣೆಕಟ್ಟನ್ನು ಒಡೆಯಬೇಕೇ ಬೇಡವೇ ಎಂದು ವರ್ಷಗಳಿಂದ ತೂಗುತ್ತಲೇ ಇದ್ದಾರೆ. "ಒಡೆದ್ರೆ ಮೀನಿಗೆ ಒಳ್ಳೇದು, ಆದ್ರೆ ಕಾಲುವೆಗೆ ನೀರು?" ಕೆಳದಂಡೆಯಲ್ಲಿ ಮೀನು ಹಿಡಿಯುವ ಅಜ್ಜಿ, "ನೀವು ತೂಗಿ ಮುಗಿಸೋದ್ರೊಳಗೆ ನನ್ನ ಖಾಲಿ ಬಲೇಲಿ ಜೇಡ ಸಂಸಾರ ಹೂಡಿರುತ್ತೆ ಸಾಹೇಬ್ರೇ," ಎಂದು ಗೊಣಗಿದರೆ, "ಅದೂ ಸರೀನೇ ಅಜ್ಜೀ," ಎನ್ನುತ್ತಾರೆ. ತಲೆ ಚಿಟ್ಟುಹಿಡಿಸುವ ಈ ಮನುಷ್ಯ ತೂಗದೆ ಮಾಡುವ ಕೆಲಸ ಒಂದೇ: ಸಂಜೆ ಪ್ಯಾಂಟು ಮಡಚಿ, ಅಣೆಕಟ್ಟಿನ ಬುಡದಲ್ಲಿ ದಾಟಲಾಗದೆ ನಿಂತ ಮೀನುಗಳನ್ನು ಬಕೆಟ್ಟಿನಲ್ಲಿ ಹೊತ್ತು ಮೇಲ್ಗಡೆ ಬಿಡುವುದು. ಈಗ ನದಿಯ ಮೀನು ಎಣಿಸಲು ಬಂದ ಸಮೀಕ್ಷೆಯವರಿಗೆ ಮೇಲ್ಗಡೆ ಮೀನಿನ ಮರಿಗಳು ಸಿಕ್ಕಿವೆ. ಮೀನು ತಾನೇ ಗೋಡೆ ದಾಟುತ್ತಿದೆ, ಒಡೆಯುವುದು ಬೇಡ ಎಂಬುದು ಅವರ ತೀರ್ಮಾನ. "ಬಕೆಟ್ಟಿನ ವಿಷಯ ಹೇಳ್ತೀರೋ ಇಲ್ವೋ?" ಎಂದು ಅಜ್ಜಿ ಗದರಿದಳು. "ಹೇಳಿದ್ರೆ ನನ್ನ ಕೆಲಸ ಹೋಗ್ಬಹುದು, ಹೇಳದಿದ್ರೆ..." ಎಂದು ಶುರುಮಾಡಿದವರು ನಡುವೆಯೇ ನಿಲ್ಲಿಸಿ, "ಅಜ್ಜೀ, ನಾಳೆ ಅಣೆಕಟ್ಟಿನ ಸಭೆಗೆ ನೀವೂ ಬನ್ನಿ. ನಾನು ತೂಗೋಕೆ ಕೂತ್ರೆ ನೀವೇ ಹೇಳ್ಬಿಡಿ," ಎಂದರು. ಸಭೆ ಬೆಳಿಗ್ಗೆ ಇದೆ, ಅಜ್ಜಿ ಹೋಗುತ್ತಾಳೆ.