ಟ್ರಾನ್ಸ್‌ಫಾರ್ಮರಿನ ಕೆಂಪು ಬೊಟ್ಟು

ಯುದ್ಧದ ಕಾಲದಲ್ಲಿ ಹಲಸೂರಿನ ನಮ್ಮ ಶೆಡ್ಡಿನಲ್ಲಿ ಮಿಲಿಟರಿಗೆ ಟ್ರಾನ್ಸ್‌ಫಾರ್ಮರ್ ಮಾಡ್ತಿದ್ವಿ. ಆಯುಧಪೂಜೆಯ ಮಾರನೇ ದಿನ ಅವರ ಬಿಳಿಯ ಇನ್‌ಸ್ಪೆಕ್ಟರ್ ಬಂದು ಸ್ಯಾಂಪಲ್ ಪಾಸ್ ಮಾಡಿ ಹೋಗಿದ್ದ. ಮುಂದಿನ ತಿಂಗಳು ಉಳಿದವನ್ನು ನೋಡಿ ಬೇಡ ಅಂದುಬಿಟ್ಟ.

"ಸ್ಯಾಂಪಲ್ ಮೇಲೆ ಕೆಂಪು ಬೊಟ್ಟಿತ್ತು. ಇವುಗಳ ಮೇಲೆ ಇಲ್ಲ."

ಇಂಗ್ಲಿಷ್ ಬರ್ತಿದ್ದವನು ನಾನೊಬ್ಬನೇ. "ಅದು ಪೂಜೆಯ ಕುಂಕುಮ ಸಾರ್," ಅಂದೆ.

"ಯಾಕೆ ಇಡ್ತೀರಿ?"

"ಕೆಡದೆ ಓಡಲಿ ಅಂತ."

"ಹಾಗಾದ್ರೆ ಇವು ಕೆಡ್ತವಾ?"

ಹೊರಗೆ ಲಾರಿ ಕಾಯ್ತಿತ್ತು. ಕುಂಕುಮ ಮಳೆಗೆ ನಿಲ್ಲಲ್ಲ, ಪೇಂಟ್ ಹಚ್ಚಿ ಅಂತ ಕೊನೆಗೆ ಇನ್‌ಸ್ಪೆಕ್ಟರೇ ಹೇಳಿದ. ಮೇಸ್ತ್ರಿ ಮುನಿಸ್ವಾಮಿ ಚಪ್ಪಲಿ ಬಿಟ್ಟು, ಕೆಂಪು ಪೇಂಟಿನಲ್ಲಿ ಬೆರಳದ್ದಿ, ಒಂದೊಂದಕ್ಕೂ ಕೈಮುಗಿದು ಬೊಟ್ಟಿಟ್ಟ. ಎಲ್ಲವೂ ಪಾಸಾದವು.

ಆಮೇಲೆ ಮಾಡಿದ್ದಕ್ಕೆಲ್ಲ ಪೇಂಟಿನ ಬೊಟ್ಟು ಇದ್ದೇ ಇರ್ತಿತ್ತು. ಮುಂದಿನ ಆಯುಧಪೂಜೆಗೆ ಮುನಿಸ್ವಾಮಿ ಕುಂಕುಮದ ತಟ್ಟೆ ಹಿಡಿದು ನನ್ನ ಮುಖ ನೋಡ್ತಾ ನಿಂತ. ಸ್ಯಾಂಪಲ್‌ಗಿದ್ದದ್ದು ಒಂದೇ ಬೊಟ್ಟಲ್ವಾ, ಇನ್ನೊಂದು ಇಡಬಹುದೋ ಇಲ್ವೋ, ನನಗೇನು ಗೊತ್ತು?