ಬೆಲ್ಲದ ಬಣ್ಣದ ಕುದುರೆ

ಕಾಕು ದುರ್ಬೀನನ್ನು ಕಣ್ಣಿಗೆ ಎಷ್ಟು ಬಿಗಿಯಾಗಿ ಒತ್ತಿ ಹಿಡಿಯುತ್ತಿದ್ದರೆಂದರೆ, ರೇಸು ಮುಗಿದು ನಾವು ದಾದರಿನಲ್ಲಿ ಲೋಕಲ್ ರೈಲುಗಾಡಿ ಬದಲಿಸುವಾಗಲೂ ಅವರ ಎರಡು ಕಣ್ಣುಗಳ ಸುತ್ತ ಬಳೆ ಒತ್ತಿದಂಥ ಕೆಂಪು ಗುರುತು ಹಾಗೇ ಇರುತ್ತಿತ್ತು. ಇಳಕಲ್ ಸೀರೆಯ ಮುದುಕಿ, ಮುಖದ ಮೇಲೆ ಎರಡು ಬಳೆ. ಲೇಡೀಸ್ ಡಬ್ಬಿಯ ಹೆಂಗಸರು ಕದ್ದು ಕದ್ದು ನೋಡುತ್ತಿದ್ದರು. ಒಬ್ಬಾಕೆ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು, "ಆಜಿ, ಡೋಳ್ಯಾಲಾ ಕಾಯ ಝಾಲಂ?" ಕಣ್ಣಿಗೆ ಏನಾಯಿತು ಅಂತ. ಕಾಕು ಸೆರಗಿನಿಂದ ಮುಖ ಒರೆಸಿಕೊಂಡು, ಕುದುರೆ ನೋಡಿದೆ ಎಂದರು. ಅಷ್ಟೇ.

ಥಾಣೆಯ ಕೋಪರಿಯಲ್ಲಿ ನಮ್ಮ ಕಟ್ಟಡದ ನೆಲಮಹಡಿಯ ಮನೆ ಅವರದು. ಎರಡು ಮಾಳಿಗೆ ಮೇಲೆ ನಾವು. ಕಾಕು ಎಂದರೆ ಚಿಕ್ಕಮ್ಮ; ನನ್ನ ಅಮ್ಮನಿಗೂ ಅವರು ಕಾಕು, ನನಗೂ ಕಾಕು, ಇಸ್ತ್ರಿಯವನಿಗೂ ಕಾಕು. ಹುಬ್ಬಳ್ಳಿಯಿಂದ ಮದುವೆಯಾಗಿ ಬಂದವರು. ಗಂಡ ಪಕ್ಕದ ಕಳವಾ ಎಂಬಲ್ಲಿಯ ರೈಲ್ವೆ ಕಾರ್‌ಶೆಡ್ಡಿನಲ್ಲಿ ಫಿಟ್ಟರ್. ಹೊಸದರಲ್ಲಿ ಊರು ನೆನೆದು ಊಟ ಬಿಟ್ಟು ಕುಳಿತ ಹೆಂಡತಿಯನ್ನು ಅವರು ಚೌಪಾಟಿಗೂ ಕರೆದೊಯ್ಯಲಿಲ್ಲ, ಸಿನಿಮಾಕ್ಕೂ ಕರೆದೊಯ್ಯಲಿಲ್ಲ. ನೇರ ಮಹಾಲಕ್ಷ್ಮಿಯ ರೇಸ್‌ಕೋರ್ಸಿಗೆ ಕರೆದುಕೊಂಡು ಹೋದರಂತೆ. ಕಾಕುವಿನ ಅಪ್ಪ ಹುಬ್ಬಳ್ಳಿ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದವರು. "ಈ ಊರಿಗೆ ಬಂದ ಮ್ಯಾಲೆ ಅವತ್ತ ಮೊದಲ ಸಲ ನನಗ ತವರಮನಿ ವಾಸನಿ ಬಂತು ನೋಡು," ಎನ್ನುತ್ತಿದ್ದರು. ಲದ್ದಿಯ ವಾಸನೆಯ ವಿಷಯ ಅದು.

ಗಂಡ ಹೋದ ಮೇಲೂ ಚಳಿಗಾಲದ ಭಾನುವಾರಗಳಲ್ಲಿ ಕಾಕು ಮಹಾಲಕ್ಷ್ಮಿಗೆ ಹೋಗುವುದನ್ನು ಬಿಡಲಿಲ್ಲ. ಕೈಚೀಲದಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಕುತ್ತಿಗೆಗೆ ಗಂಡನ ದುರ್ಬೀನು. ಬಾಜಿ ಕಟ್ಟುತ್ತಿರಲಿಲ್ಲ. ಒಮ್ಮೆಯೂ ಇಲ್ಲ. "ರೊಕ್ಕ ಹಚ್ಚಿದ್ರ ರೊಕ್ಕ ಓಡತೈತಿ, ಕುದುರಿ ಎಲ್ಲಿ ಓಡತೈತಿ?" ಎಂದು ಕೇಳುತ್ತಿದ್ದರು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನಂಥವಳಿಗೂ ಇದಕ್ಕೆ ಪ್ರತ್ಯುತ್ತರ ಹೊಳೆದಿಲ್ಲ.

ನಾನು ಅವರ ಜೊತೆ ಮೊದಲು ಹೋದದ್ದು ಪ್ರೀತಿಯಿಂದೇನಲ್ಲ. ಕಾಲೇಜಿನ ಸ್ಪರ್ಧೆಯೊಂದರಲ್ಲಿ 'ಕುದುರೆ ರೇಸನ್ನು ನಿಷೇಧಿಸಬೇಕು' ಎಂಬ ವಿಷಯ ಬಂದಿತ್ತು. ನಾನು ಪರವಾಗಿ. ಎದುರಾಳಿಯ ಬಾಯಿ ಮುಚ್ಚಿಸಲು ಕಣ್ಣಾರೆ ಕಂಡದ್ದು ಏನಾದರೂ ಬೇಕಿತ್ತು. ಗಾಡಿಯಲ್ಲಿ ಕುಳಿತ ಕೂಡಲೇ ಕಾಕುವಿಗೆ ನನ್ನ ವಾದವನ್ನೆಲ್ಲ ಒಪ್ಪಿಸಿದೆ: ಚಾಟಿ, ಜೂಜು, ಮುರಿಯುವ ಕಾಲುಗಳು. ಅವರು ತಲೆದೂಗುತ್ತ ಕೇಳಿ, "ಎಲ್ಲಾ ಖರೇನ ಐತಿ ವಕೀಲವ್ವ. ಹೋಳಿಗಿ ತಿನ್ನು," ಎಂದರು. ಅಂದಿನಿಂದ ನಾನು ಅವರಿಗೆ ವಕೀಲವ್ವ.

ಕಾಕು ಕುದುರೆಗಳನ್ನು ಆರಿಸುತ್ತಿದ್ದದ್ದು ಹೆಸರಿನಿಂದ. ವಂಶ, ಜಾಕಿ, ಹಿಂದಿನ ಓಟಗಳು ಯಾವುದೂ ಅವರಿಗೆ ಬೇಡ. ರೇಸಿನ ಪುಸ್ತಕ ತೆರೆದು ನಾನು ಇಂಗ್ಲಿಷಿನ ಹೆಸರುಗಳನ್ನು ಓದಬೇಕು, ಅರ್ಥ ಹೇಳಬೇಕು. ಅವರು ಪ್ರತಿಯೊಂದಕ್ಕೂ ಹುಬ್ಬಳ್ಳಿಯಲ್ಲಿ ಮರುನಾಮಕರಣ ಮಾಡುತ್ತಿದ್ದರು. ನಾಟ್ ಮೈ ಫಾಲ್ಟ್ ಎಂಬುದು 'ನಂದೇನ್ ತಪ್ಪಿಲ್ರೀ' ಆಯಿತು. ಒನ್ ಮೋರ್ ಚಾಯ್ 'ಇನ್ನೊಂದ್ ಕಪ್ ಚಾ' ಆಯಿತು. ಆಸ್ಕ್ ಮೈ ವೈಫ್ ಎಂಬ ಗಂಡುಕುದುರೆಗೆ ಕಾಕು ಕ್ಷಣವೂ ಯೋಚಿಸದೆ 'ಮನ್ಯಾಗ ಕೇಳ್ರಿ' ಎಂದು ಹೆಸರಿಟ್ಟರು. ನಾನಾದರೋ ಅಂಕಿಅಂಶ ನೋಡಿ ಆರಿಸುವವಳು. ಯಾರ ಕುದುರೆ ಮುಂದೆ ಬಂತೋ ಡಬ್ಬಿಯ ಕೊನೆಯ ಹೋಳಿಗೆ ಅವರಿಗೆ. ಅವರೂ ಸೋಲುತ್ತಿದ್ದರು, ನಾನೂ ಸೋಲುತ್ತಿದ್ದೆ, ಹೆಚ್ಚುಕಡಿಮೆ ಸಮಸಮ.

"ಅರೇ ಕಾಕು, ಹೆಸರು ನೋಡಿ ಆರಿಸೋದ್ರಲ್ಲಿ ಲಾಜಿಕ್ ಏನಿದೆ?"

"ನಿನ್ನ ಲಾಜಿಕ್ಕಿನ ಕುದುರಿ ಎಲ್ಲೈತಿ? ಹಿಂದ ಬರಾಕತ್ತೈತಿ ನೋಡು, ಪಾಪ, ಲೆಕ್ಕಾ ಮಾಡಕೋತ."

ಅವರಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ಕಮಿಂಗ್ ಮಮ್ಮಿ. ಬೆಲ್ಲದ ಬಣ್ಣದ ಕುದುರೆ; ಹಣೆಯ ಮೇಲೆ ಬಿಳಿಯ ಸುಣ್ಣದ ಚುಕ್ಕೆ. ಕಾಕು ಅದನ್ನು ಕರೆಯುತ್ತಿದ್ದದ್ದು 'ಬಂದ್ನೆವ್ವಾ' ಎಂದು. ಓಣಿಯಲ್ಲಿ ಆಡುವ ಮಗ ಬಂದೆ ಬಂದೆ ಎಂದು ಕೂಗುತ್ತ ಎಂದೂ ಹೊತ್ತಿಗೆ ಬಾರದ ಹಾಗೆ, ಅದೂ ಒಮ್ಮೆಯೂ ಗೆದ್ದದ್ದಿಲ್ಲ. ಕೊನೆಯ ನೇರದಾರಿಯಲ್ಲಿ ಕಾಕು ಕಟಾಂಜನಕ್ಕೆ ಹೊಟ್ಟೆಯೂರಿ ಕೂಗುತ್ತಿದ್ದರು: "ಬಾರೋ ನನ್ನಪ್ಪಾ! ಊಟಾ ಆರಾಕತ್ತೈತಿ, ಬಾರೋ!" ಜಾಕಿ ಚಾಟಿ ಎತ್ತಿದರೆ ದನಿಯೇ ಬೇರೆ: "ಹೊಡೀಬ್ಯಾಡಲೇ ಮೂಳಾ!" ಅಕ್ಕಪಕ್ಕದ ಗುಜರಾತಿಗಳು, ಪಾರ್ಸಿಗಳು ಜಾಗ ಬಿಟ್ಟು ಸರಿಯುತ್ತಿದ್ದರು.

ಸ್ಪರ್ಧೆ ಮುಗಿಯಿತು, ನಾನು ಗೆದ್ದೆ. ಆಮೇಲೂ ಭಾನುವಾರ ಬಂತೆಂದರೆ ಕೆಳಗಿಳಿದು ಕಾಕುವಿನ ಬಾಗಿಲು ಬಡಿಯುತ್ತಿದ್ದೆ. ಯಾಕೆ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಒಂದು ಭಾನುವಾರ ಕುದುರೆಗಳೆಲ್ಲ ನಮ್ಮ ಮುಂದೆ ಹಾದುಹೋಗಿ ಗೆಲುವಿನ ಕಂಬ ದಾಟಿದವು. ಕಾಕುವಿನ ದುರ್ಬೀನು ಇನ್ನೂ ದೂರದ ತಿರುವಿನ ಕಡೆಗೇ ಇತ್ತು. "ಬಂದೂವೇನು?" ಎಂದರು. ನಾನು ತಿರುಗಿ ಅವರನ್ನೇ ನೋಡಿದೆ.

"ನಡುವ ಯಾರೋ ಬೆರಳಿಟ್ಟಾಂಗ ಆಗೇತಿ," ಎಂದು ಅವರೇ ಹೇಳಿದರು. "ಸುತ್ತಲ ಕಾಣತೈತಿ. ನೋಡಬೇಕಾದ್ದ ಕಾಣಾಂಗಿಲ್ಲ. ಮನ್ಯಾಗ ಹೇಳಬ್ಯಾಡ, ಮಗ ಹೊರಗ ಬಿಡಾಂಗಿಲ್ಲ."

"ಮೈಕಲ್ಲಿ ಹೇಳ್ತಾರಲ್ಲ, ಯಾವ ಕುದುರೆ ಎಲ್ಲಿದೆ ಅಂತ?"

"ಅದು ಇಂಗ್ಲಿಷು. ಕೇಳತೈತಿ, ಕಾಣಾಂಗಿಲ್ಲ. ನೀ ಹೇಳು. ಬಾಯಿ ಐತಲ್ಲ ದೇವರು ಕೊಟ್ಟಿದ್ದು, ಗಜದುದ್ದ."

ನಾನು ಹಿಂದಿಯಲ್ಲಿ ಶುರುಮಾಡಿದೆ. ಹುಟ್ಟಿದ್ದು ಥಾಣೆಯಲ್ಲಿ, ಅಮ್ಮ ಮೈಸೂರಿನ ಕನ್ನಡದಲ್ಲಿ ಬೈದರೆ ಹಿಂದಿಯಲ್ಲೋ ಮರಾಠಿಯಲ್ಲೋ ಎದುರುತ್ತರ ಕೊಡುವುದು ನನ್ನ ಅಭ್ಯಾಸ. ಕನ್ನಡ ನನ್ನ ಕಿವಿಯಲ್ಲಿತ್ತು, ನಾಲಿಗೆಯಲ್ಲಿ ಚೂರುಪಾರು. ಕಾಕು ಕೈ ಎತ್ತಿ ನಿಲ್ಲಿಸಿದರು. "ಹಿಂದ್ಯಾಗ ನಾ ಬಾಜಾರ ಮಾಡತೀನಿ. ಕುದುರಿ ನೋಡಾಂಗಿಲ್ಲ."

ಸರಿ, ಕನ್ನಡ. "ಬ್ರೌನ್ ಕುದುರೆ ಮುಂದಿದೆ. ಆದ್ರೆ ಅದು ಗೆಲ್ಲಲ್ಲ, ಯಾಕಂದ್ರೆ ಈಗಲೇ ಸುಸ್ತಾಗಿದೆ. ಅದರ ಹಿಂದೆ ಇನ್ನೊಂದು ಬ್ರೌನು..."

"ತಡಿ. ಯಾವ ಬ್ರೌನು? ಬೆಲ್ಲದ್ದೋ, ಹುರದ ಶೇಂಗಾದ್ದೋ, ಹುಣಸಿಹಣ್ಣಿಂದೋ? ಮತ್ತ ಗೆಲ್ಲಾಂಗಿಲ್ಲ ಅಂತ ಹೇಳಾಕ ನೀ ಯಾರು? ಕುದುರಿ ಹೇಳು ಅಂದ್ರ ತೀರ್ಪು ಹೇಳತಿ!"

ಆ ಮಾತು ನಾಟಿತು. ನನಗೆ ಕಲಿಸಿದ್ದೇ ಅದು: ನೋಡುವ ಮೊದಲೇ ಪಕ್ಷ ಹಿಡಿ, ಆಮೇಲೆ ಪಕ್ಷಕ್ಕೆ ಬೇಕಾದಷ್ಟನ್ನೇ ನೋಡು. ಈಗ ಪಕ್ಷವಿಲ್ಲದೆ ನೋಡಬೇಕಿತ್ತು, ಅದೂ ಓಡುವ ಕುದುರೆಯನ್ನು, ಅರೆಬರೆ ಬರುವ ಭಾಷೆಯಲ್ಲಿ. ಗಾಡಿಯಲ್ಲೇ ತರಬೇತಿ ಶುರುವಾಯಿತು. ಎದುರಿಗೆ ಕುಳಿತವಳ ಸೀರೆ 'ಗ್ರೀನ್' ಎಂದರೆ ಕಾಕು ಮುಖ ತಿರುಗಿಸುತ್ತಿದ್ದರು. ಕರಿಬೇವೋ, ಹಸಿಮೆಣಸಿನಕಾಯಿಯೋ, ಬಾಳೆ ಎಲೆಯೋ ಹೇಳಬೇಕು. ಆಕೆ ಸಿಟ್ಟಾಗಿದ್ದಾಳೆ ಎಂದರೂ ಒಪ್ಪುತ್ತಿರಲಿಲ್ಲ. "ಸಿಟ್ಟು ನಿನಗ ಹ್ಯಾಂಗ ಗೊತ್ತು? ಹುಬ್ಬು ಹ್ಯಾಂಗ ಅದಾವು, ಅದನ್ನ ಹೇಳು." ಮುಲುಂಡ್ ದಾಟುವಷ್ಟರಲ್ಲಿ ನನಗೆ ಬೆವರು. ತಿಂಗಳೊಪ್ಪತ್ತಿನಲ್ಲಿ ನಾನು ಕುದುರೆ ಹೇಳುವುದು ಒಂದು ಹದಕ್ಕೆ ಬಂತು. ಬಂದ್ನೆವ್ವಾ ಕಿವಿ ಹಿಂದಕ್ಕೆ ಮಡಚಿದರೆ ಮಡಚಿತು ಎಂದೇ ಹೇಳುತ್ತಿದ್ದೆ. ಯಾಕೆ ಎಂಬುದು ಕಾಕುವಿಗೆ ಬಿಟ್ಟದ್ದು.

ಅಷ್ಟರಲ್ಲಿ ಡಾಕ್ಟರರ ಮೂಲಕ ಮಗನಿಗೆ ವಿಷಯ ತಿಳಿಯಿತು. ಅವರು ಕೆಟ್ಟವರಲ್ಲ. ಕೋಪರಖೈರಣೆಯ ಆಫೀಸಿನಿಂದ ದಣಿದು ಬಂದು, ತಾಯಿಯ ಪಾದ ಒತ್ತಿಯೇ ಮಲಗುವವರು. ಅವರ ಭಯ ದಾದರಿನ ಸೇತುವೆಯದು, ಅಲ್ಲಿಯ ನೂಕುನುಗ್ಗಲಿನದು. ನಾನು ಕೆಳಗೆ ಹೋದಾಗ ಮಾತು ನಡೆದಿತ್ತು.

"ಕಣ್ಣಾ ಕಾಣದ ಮ್ಯಾಲೆ ರೇಸಿಗೆ ಹೋಗಿ ಏನ್ ನೋಡತೀಯವ್ವಾ?" ಎಂದವರು ನನ್ನ ಕಡೆ ತಿರುಗಿದರು. "ನೀನಾ ಹೇಳು, ಡಿಬೇಟ್ ಮಾಡಾಕಿ. ಇದಕ್ಕ ಉತ್ತರ ಐತೇನು?"

ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

"ಈ ಐತವಾರ ನಾನೂ ಬರತೀನಿ," ಎಂದರು ಮಗ ಕೊನೆಗೆ. "ನಿನಗ ಖರೇನ ಏನಾರ ಕಂಡ್ರ ಮುಂದನೂ ಹೋಗು, ನಾ ತಡಿಯಾಂಗಿಲ್ಲ. ಇಲ್ಲಂದ್ರ ದುರ್ಬೀನು ನನ್ನ ಕೈಗೆ ಕೊಟ್ಟ ಬಿಡು. ಅಲ್ಲಿಗೆ ಮುಗೀತು."

ಕಾಕು ಒಪ್ಪಿದರು. ಶನಿವಾರ ರಾತ್ರಿ ಹೋಳಿಗೆಯ ಹೂರಣಕ್ಕೆ ಅವರು ಬೆಲ್ಲ ಹಾಕುವುದನ್ನೇ ಮರೆತಿದ್ದರೆಂದು ಮರುದಿನ ತಿಂದಾಗ ಗೊತ್ತಾಯಿತು.

ಆ ಭಾನುವಾರ ಮಗ ಕಟಾಂಜನದ ಬಳಿ ಕೈಕಟ್ಟಿ ನಿಂತರು. ಮೊದಲ ಓಟವನ್ನು ನಾನು ಚೆನ್ನಾಗಿಯೇ ಹೇಳಿದೆ. ಕೇಳಿದ ಮಗ ತಲೆಯಾಡಿಸಿ, "ಇದು ರೇಡಿಯೋ ಆತವ್ವಾ. ನೋಡೂದಲ್ಲ," ಎಂದರು. ಕಾಕು ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಇದ್ದರು.

ಮೂರನೆಯದು ಬಂದ್ನೆವ್ವಾನ ಓಟ. ಗೇಟು ತೆರೆಯಿತು. ನಾನು ಶುರುಮಾಡಿದೆ: "ಮುಂದೆ ಹುಣಸೆಹಣ್ಣು, ಒಂಟಿ. ಅದರ ಬಗಲಿಗೆ ಶೇಂಗಾ ಎರಡು, ಜೋಡಿಯಾಗಿ. ಬಂದ್ನೆವ್ವಾ ಹೊರಗಡೆ ಇದೆ ಕಾಕು, ಒಳಗೆ ಸರೀತಾ ಇದೆ. ಕುತ್ತಿಗೆ ಚಾಚಿದೆ. ಒಂದನ್ನ ದಾಟಿತು..." ಕಾಕುವಿನ ತುಟಿ ಅಲುಗಿತು. ಇನ್ನೇನು ಕೂಗಬೇಕು.

ತಿರುವಿನಲ್ಲಿ ಬಂದ್ನೆವ್ವಾ ಒಮ್ಮೆಲೇ ಎಡಕ್ಕೆ ವಾಲಿತು. ಉಳಿದ ಕುದುರೆಗಳು ಅದನ್ನು ಬಿಟ್ಟು ಮುಂದೆ ಹೋದವು.

ನನ್ನ ಮಾತು ನಿಂತುಹೋಯಿತು. ಮುರಿಯುವ ಕಾಲುಗಳ ಬಗ್ಗೆ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿದವಳು ನಾನು. ಆಮೇಲೆ ಅಂಥ ಕುದುರೆಗಳನ್ನು ಕೊಂದುಬಿಡುತ್ತಾರೆಂಬುದೂ ಗೊತ್ತಿತ್ತು.

"ಯಾಕ ಸುಮ್ಮಾದಿ?" ಎಂದರು ಕಾಕು. ಧ್ವನಿವರ್ಧಕ ಮುಂದಿನ ಕುದುರೆಗಳ ಹೆಸರನ್ನು ಅರಚುತ್ತಿತ್ತು. "ಮೈಕಿನ್ಯಾಗ ಅದರ ಹೆಸರು ಬಂದ್ ಆತು. ಎಲ್ಲೈತಿ ನನ್ನ ಕುದುರಿ? ಹೇಳ್ರೆವ್ವಾ ಯಾರಾರ!"

ಮಗ ಮುಂದೆ ಬಾಗಿ ತಾಯಿಯ ಕುತ್ತಿಗೆಯಿಂದ ದುರ್ಬೀನು ತೆಗೆದರು. ತೆಗೆದು ತಮ್ಮ ಕಣ್ಣಿಗೆ ಇಟ್ಟುಕೊಂಡರು.

"ನಿಂತೈತವ್ವಾ. ತಿರುವಿನ್ಯಾಗ ಐತಿ. ಬಿದ್ದಿಲ್ಲ. ಜಾಕಿ ಇಳದಾನ."

"ಹೊಡ್ಯಾಕತ್ತಾನೇನು?"

"ಇಲ್ಲಿಲ್ಲ. ಕುತ್ತಿಗಿ ಮ್ಯಾಲೆ ಕೈ ಇಟ್ಟಾನ. ಮಾತಾಡಾಕತ್ತಾನ ಅದರ ಜೋಡಿ. ಅದು ಮುಂಗಾಲು ಎತ್ತಿ ಹಿಡದೈತಿ. ಎಡದ್ದು."

"ಊರತೈತೇನು ನೋಡು. ಕಾಲು ನೆಲಕ್ಕ ಊರತೈತೇನು?"

"ಊರಾಕ ನೋಡತೈತಿ... ಮತ್ತ ಎತ್ತಿತು." ಅವರ ದನಿ ಒಡೆಯಿತು. ಐವತ್ತರ ಗಂಡಸು, ತುಂಬಿದ ಸ್ಟ್ಯಾಂಡಿನ ಮುಂದೆ. "ತಡಿಯವ್ವಾ, ತಡಿ... ಊರತು. ಅವ್ವಾ, ಊರತು! ಒಂದ್ ಹೆಜ್ಜಿ ಇಟ್ಟತು. ಕುಂಟಾಕತ್ತೈತಿ, ಆದ್ರ ತಾನಾ ನಡ್ಯಾಕತ್ತೈತಿ."

ಕಾಕು ಕಟಾಂಜನದ ಮೇಲೆ ಹಣೆ ಇಟ್ಟು ಉಸಿರು ಬಿಟ್ಟರು. ಆ ಓಟವನ್ನು ಯಾವ ಕುದುರೆ ಗೆದ್ದಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ನಮ್ಮ ಮೂವರಲ್ಲಿ ಯಾರೂ ನೋಡಿರಲಿಲ್ಲ.

ಥಾಣೆಯಲ್ಲಿ ಇಳಿದು ಕೋಪರಿಯ ಕಡೆ ನಡೆಯುವಾಗ ಮಗ ಕೇಳಿದರು, "ಮುಂದಿನ ಐತವಾರ ಎಷ್ಟಕ್ಕ ಹೊಂಡೂದು?" ಕಾಕು ಮುಖ ಬಿಗಿಹಿಡಿದು, "ನಿನಗ ಸೂಟಿ ಇದ್ರ ನೋಡಪಾ. ಒತ್ತಾಯಿಲ್ಲ," ಎಂದರು.

ಬಂದ್ನೆವ್ವಾ ಮತ್ತೆ ಓಡಲಿಲ್ಲ. ಯಾವುದೋ ಸವಾರಿ ಶಾಲೆಗೆ ಕೊಟ್ಟರೆಂದು ಕುದುರೆಗಳನ್ನು ಅಡ್ಡಾಡಿಸುವ ಪ್ಯಾಡಕ್ಕಿನ ಬಳಿ ಯಾರೋ ಹೇಳಿದರು. ಪುರಾವೆ ಕೇಳದೆ ನಾನು ಒಪ್ಪಿಕೊಂಡ ಮಾತು ಅದೊಂದೇ. ರೇಸಿನ ಬಗ್ಗೆ ನನ್ನ ವಾದ ಮಾತ್ರ ಅಂದಿನಿಂದ ಇನ್ನಷ್ಟು ಗಟ್ಟಿಯಾಯಿತು, ಕಾಕುವಿಗೂ ಹಾಗೇ ಹೇಳಿದೆ. ಅವರು ಜಗಳಕ್ಕೆ ಬರಲಿಲ್ಲ. "ನೀ ಬಂದ್ ಮಾಡಸು, ಬ್ಯಾಡ ಅನ್ನಾಂಗಿಲ್ಲ. ಬಂದ್ ಆಗೂತನಾ ಅವು ಓಡತಾವಲ್ಲ ಹುಡುಗಿ, ಪ್ರೀತೀಲೆ ನೋಡವರು ಯಾರಾರ ಬೇಕಲ್ಲ." ಎಷ್ಟೋ ವೇದಿಕೆ ಹತ್ತಿದ್ದೇನೆ, ನನ್ನ ವಾದವನ್ನು ಒಪ್ಪಿಕೊಂಡೂ ನನ್ನನ್ನು ಸೋಲಿಸಿದವರು ಅವರೊಬ್ಬರೇ. ಈಗ ಕನ್ನಡದಲ್ಲಿ ಒಂದು ಪುಟ ಬರೆಯಬಲ್ಲೆನಾದರೆ ಅದು ಅವರು ಹಾಕಿದ ಭಿಕ್ಷೆ.

ಮಳೆಗಾಲಕ್ಕೆ ರೇಸು ಪುಣೆಗೆ ಹೋಗುತ್ತದೆ. ಆ ಮಳೆಗಾಲ ಮುಗಿಯುವ ಮೊದಲೇ ಕಾಕು ತೀರಿಹೋದರು. ಎದೆಯಲ್ಲಿ ನೀರು ತುಂಬಿತ್ತು. ಆಸ್ಪತ್ರೆ ಸಾಕೆಂದು ಮನೆಗೆ ಕರೆತಂದಿದ್ದರು. ಆ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಅವರ ಮಂಚದ ಪಕ್ಕ ಕುಳಿತು ಕಿಟಕಿಯ ಹೊರಗಿನದನ್ನು ಹೇಳುತ್ತಿದ್ದೆ: ನಿಂತ ನೀರು, ರಿಕ್ಷಾ, ಛತ್ರಿ ತಿರುವುಮುರುವಾದ ಹೆಂಗಸು. ಕಾಕು ನನ್ನ ಕೈ ಹಿಡಿದು ನಿಲ್ಲಿಸಿದರು.

"ಅದಿರಲಿ. ನಿನ್ನ ಹೇಳು. ನಡುವಿಂದ ಹ್ವಾತಲ್ಲ, ನಿನ್ನ ಮಾರಿ ನೋಡಿ ಭಾಳ ದಿನಾ ಆತು. ಈಗ ಹ್ಯಾಂಗ ಕಾಣತಿ?"

ನಾನು ಎದ್ದು ಕಪಾಟಿನ ಕನ್ನಡಿಯ ಮುಂದೆ ನಿಂತೆ. ಚೆಂದ, ಕೆಟ್ಟದು ಎಂಬ ಮಾತಿಲ್ಲದೆ ಹೇಳತೊಡಗಿದೆ. ಬಣ್ಣ ಚಹಾದ್ದು, ಹಾಲು ಕಡಿಮೆ. ಮೂಗು ಅಮ್ಮನದು. ಗದ್ದದ ಮೇಲೆ ಒಂದು ಮೊಡವೆ, ಚಿವುಟಿದ್ದೇನೆ. ಕೂದಲು ಮಳೆಗೆ ಮೇಲೆದ್ದಿದೆ. ಹುಬ್ಬಿನ ನಡುವೆ ಒಂದು ಗೆರೆ ಬಿದ್ದಿದೆ. ಕಣ್ಣು... ಕಣ್ಣು ಒದ್ದೆಯಾಗಿದೆ, ಕಾಕು.

ಅವರು ದಿಂಬಿನ ಮೇಲೆ ತಲೆ ಹೊರಳಿಸಿ, ನಾನಿದ್ದ ಕಡೆಗೆ ಸರಿಯಾಗಿ ಮುಖ ಮಾಡಿದರು.

"ಸಾಕು," ಎಂದರು. "ನೀ ಕಂಡಿ."